ತಗಡಪ್ಪನಿಗೆ ಬಂದ ಕಾಣಿಕೆ

"ಎಣ್ಣೆ ವಾಸನೆ ಎಲ್ಲಿಗೆ ಹೋತು?"

ಶಾಂಭವಿ ಭಟ್ಟರು ಇದನ್ನು ಯಾರನ್ನೂ ಕೇಳಲಿಲ್ಲ. ಕೈಯಲ್ಲಿದ್ದ ತಗಡಿನ ರೋಬೋಟನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಗಾಳಿಗೆ ಹೇಳಿದಂತೆ ಹೇಳಿದರು.

ಕುಮಟೆಯ ಮಕ್ಕಳ ಆಸ್ಪತ್ರೆಯ ಆ ಕೋಣೆಗೆ ಒಂಬತ್ತೂವರೆಯ ಬಿಸಿಲು ಇನ್ನೂ ಬಂದಿರಲಿಲ್ಲ. ಶಾಂಭವಿಯವರನ್ನು ಅತ್ತೆ ಎಂದೇ ಕರೆಯುವ ಡಾಕ್ಟರ್ ವಂದನಾ ಸಿರಿಂಜು ಹಿಡಿದು ನಿಂತಿದ್ದಳು. ಅವಳ ಗಂಡ ಸುಹಾಸ ಬಾಗಿಲಿಗೆ ಒರಗಿ ಗಡಿಯಾರ ನೋಡುತ್ತಿದ್ದ. ಮೇಜಿನ ಮೇಲೆ ಕೂತು ಅಂಗಿಯ ತೋಳನ್ನು ತಾನೇ ಮಡಚಿಕೊಂಡಿದ್ದ ಆರು ವರ್ಷದ ಸುಚಿತಾ, ದೊಡ್ಡವರು ಯಾರೂ ಬಾಯಿ ಬಿಡದ್ದನ್ನು ಕಂಡು ತಾನೇ ಉತ್ತರ ಹೇಳಿದಳು.

"ಇದ್ಕೆ ವಾಸ್ನೆನೇ ಇಲ್ಲ. ಇದು ತಗಡಪ್ಪ ಅಲ್ಲ. ಬೇರೆ ಯಾರೋ."

"ಹೌದಾ ತಂಗಿ?" ಶಾಂಭವಿ ಕೇಳಿದರು. "ತಗಡಪ್ಪ ಹ್ಯಾಂಗಿದ್ದ ಹಂಗಾದ್ರೆ?"

"ಅಂವ ಬೆಳಿಗ್ಗೆ ಬೆಳಿಗ್ಗೆ ಮೆಲ್ಲ ನಡೀತಿದ್ದ. ನಿದ್ದೆ ಬಿಟ್ಟಿರೂದಿಲ್ಲ ಅಲ್ವಾ? ಬಿಸ್ಲು ಬಂದ್ಮೇಲೆ ಜೋರು. ಇಂವ ಯಾವಾಗ್ಲೂ ಜೋರು. ಇಂವಂಗೆ ನಿದ್ದೆನೇ ಬರೂದಿಲ್ಲ."

"ಅಂವಂಗೆ ಎಂತ ವಾಸ್ನೆ ಇತ್ತು?"

"ನಮ್ಮಜ್ಜಿ ತಲೆ ವಾಸ್ನೆ."

ಮಾತಿನ ನಡುವೆ ಸೂಜಿ ಹೋಗಿ ಬಂದಿತ್ತು. ಹತ್ತಿ ಒತ್ತಿದ ಮೇಲಷ್ಟೇ ಅದು ಗೊತ್ತಾಗಿ ಸುಚಿತಾ ಬಾಯಿ ಅಗಲಿಸಿದಳು. ವಂದನಾ ಅಭ್ಯಾಸಬಲದಿಂದ ರೋಬೋಟಿಗೆ ಕೀಲಿ ಕೊಟ್ಟು ಮೇಜಿನ ಮೇಲೆ ಬಿಟ್ಟಳು. ಅದು ಚುರುಕಾಗಿ ನಡೆಯಿತು. ಹುಡುಗಿ ಅದನ್ನು ಮೊಣಕೈಯಿಂದ ತಳ್ಳಿ ಇನ್ನೂ ಜೋರಾಗಿ ಅತ್ತಳು.

ಹೊರಗೆ ಚೀಟಿ ಮಾಡಿಸುತ್ತಿದ್ದ ತಾಯಿ ಓಡಿ ಬಂದು ಅವಳನ್ನು ಎತ್ತಿಕೊಂಡು ಹೋದಳು. ಆ ಅಳು ಮೆಟ್ಟಿಲು ಇಳಿದು ಹೋಗುವವರೆಗೂ ಶಾಂಭವಿ ಕಿವಿಗೊಟ್ಟು ಕೇಳಿದರು. ಮನಸ್ಸಿನಲ್ಲೇ ಆ ಚಿಕ್ಕ ಮೂಗಿಗೆ ಕೈ ಮುಗಿದರು. ನಾಲ್ಕು ದಿನದಿಂದ ದೊಡ್ಡವರು ಹುಡುಕುತ್ತಿದ್ದ ಸುಳಿವನ್ನು ಅದು ಒಂದು ಮಾತಿನಲ್ಲಿ ಕೊಟ್ಟಿತ್ತು.

ಹೋದ ಬುಧವಾರ ಆಸ್ಪತ್ರೆಯ ಗಾಜಿನ ಕಪಾಟಿನಿಂದ ಮಕ್ಕಳು ತಗಡಪ್ಪ ಎಂದು ಕರೆಯುವ ಹಳೆಯ ರೋಬೋಟ್ ಮಾಯವಾಗಿ, ಅದರಂತೆಯೇ ಇದ್ದ ಹೊಸದೊಂದು ಆ ಜಾಗದಲ್ಲಿ ನಿಂತಿತ್ತು. ಬೀಗ ಮುರಿದಿರಲಿಲ್ಲ. ಬೀಗದ ಕೈ ಇದ್ದದ್ದು ಆಯಾ ಮಾದೇವಿಯೊಬ್ಬಳ ಸೊಂಟದಲ್ಲಿ. ಇವತ್ತು ಸಂಜೆ ಐದಕ್ಕೆ ಠಾಣೆಯಿಂದ ಎಸ್.ಐ. ಬಂದು ದೂರು ಬರೆದುಕೊಳ್ಳುತ್ತಾರೆ. ಮೂವತ್ತಮೂರು ವರ್ಷ ಈ ಊರಿನ ಮಕ್ಕಳನ್ನು ತೊಡೆಯ ಮೇಲೆ ಮಲಗಿಸಿಕೊಂಡವಳ ಹೆಸರು ಆ ದೂರಿನಲ್ಲಿ ಕಳ್ಳಿಯೆಂದು ಸೇರುತ್ತದೆ.

"ಅತ್ತೆ," ಸುಹಾಸ ಹೇಳಿದ, "ನಿಂಗಳ ಮೂಗು, ಆ ಕೂಸಿನ ಮೂಗು, ಎರಡೂ ಸೇರಿದ್ರೂ ಠಾಣೆಲಿ ಒಂದು ಸಾಕ್ಷಿ ಆಗ್ತಿಲ್ಲೆ."

"ಆಗ್ತಿಲ್ಲೆ ತಮಾ. ಆದ್ರೆ ದಾರಿ ತೋರ್ಸ್ತು."

"ಅಪ್ಪಯ್ಯ ಇದ್ದಿದ್ರೆ ಪೊಲೀಸ್ರ ಕರೆಸ್ತಿದ್ನಿಲ್ಲೆ," ವಂದನಾ ಮೆಲ್ಲಗೆ ಅಂದಳು.

"ನಿನ್ನ ಅಪ್ಪಯ್ಯ ಒಳ್ಳೆವ," ಸುಹಾಸ ಅಂದ. "ಅದಕ್ಕೇ ಇಲ್ಲಿಂದ ಎಲ್ಲರೂ ಎಂತಾರೂ ಹೊತ್ಕಂಡು ಹೋಗ್ತ. ಹಳೆ ಆಟದ ಸಾಮಾನು ತಗಂಬ ಮುಂಬಯಿಯವ ಇದರ ಫೋಟೋ ನೋಡಿ ಎಷ್ಟಾದ್ರೂ ಕೊಡ್ತೆ ಹೇಳಿದ್ದು ಮಾದೇವಿ ಕೇಳಿದ್ದು. ಇನ್ನೆಂತ ಬೇಕು?"

ಸುಹಾಸ ಕೆಟ್ಟವನಲ್ಲ. ಊರೆಲ್ಲ ದೊಡ್ಡ ಡಾಕ್ಟರೆಂದು ಕರೆಯುತ್ತಿದ್ದ ಮಾವ ತೀರಿಕೊಂಡ ಮೇಲೆ ಅವರ ಒಂದೊಂದು ಸಾಮಾನನ್ನೂ ದೇವರ ಪೆಟ್ಟಿಗೆಯ ಹಾಗೆ ಕಾದವನು. ಆ ಕಾವಲಿನಲ್ಲಿ ಒಂದು ತಪ್ಪಿತಲ್ಲ ಎಂಬ ಸಿಟ್ಟು ಅವನದು.

ಶಾಂಭವಿ ಹೊಸ ರೋಬೋಟನ್ನು ಮತ್ತೆ ಎತ್ತಿಕೊಂಡರು. ಹೊರನೋಟಕ್ಕೆ ಎಲ್ಲ ಒಂದೇ. ನೀಲಿ ಬೂದು ಮೈ, ತಲೆಯ ಮೇಲೆ ಎರಡು ಕೊಂಬಿನಂಥ ಕಡ್ಡಿ, ಚೌಕದ ಬಾಯಿ. ನಡೆಯುವಾಗ ಎದೆಯ ಎರಡು ಬಾಗಿಲು ತೆರೆದುಕೊಂಡು ಒಳಗೆ ಚಂದ್ರಲೋಕದ ಚಿತ್ರ ಕಾಣುತ್ತದೆ. ಬೆಟ್ಟ, ಕುಳಿ, ಕಪ್ಪು ಆಕಾಶದಲ್ಲಿ ತೇಲುವ ನಮ್ಮ ಭೂಮಿ.

"ಕೂಸೆ, ಇದರಲ್ಲಿ ಮಕ್ಕಳಿಗೆ ಎಂತ ಕಾಣ್ತು ಹೇಳಿ ನಿಂಗೆ ಗೊತ್ತಿದ್ದಾ?"

ವಂದನಾ ಸಿರಿಂಜು ಬದಿಗಿಟ್ಟಳು. "ಅದು ಬಿದ್ರೆ ಅಳ್ತಿಲ್ಲೆ ಅತ್ತೆ. ಅಂಗಾತ ಬಿದ್ದಲ್ಲೇ ಕಾಲು ಆಡಿಸ್ತು. ಅದ ನೋಡಿ ಎಂಥ ಜ್ವರದಲ್ಲೂ ಮಕ್ಕೊ ನಗ್ತ. ಮತ್ತೆ... ಇಲ್ಲಿ ಎಲ್ಲರೂ ಅವ್ಕೆ ಎಂತಾರೂ ಮಾಡವ್ವೇ. ಚುಚ್ಚವು, ಹಿಡಿಯವು, ಬಾಯಿ ತೆಗೆಸವು. ಅವ್ವು ತಿರುಗಿ ಎಂತಾರೂ ಮಾಡಲೆ ಆಗೂದು ಇದಕ್ಕೆ ಮಾತ್ರ. ಕೀಲಿ ಕೊಟ್ರೆ ಚಂದ್ರಲೋಕದಂವ ನಡೀತ. ತಾನು ನಡೆಸಿದೆ ಹೇಳಿ ಆಗ್ತು."

ರೋಬೋಟಿನ ಕಾಲಡಿಯಲ್ಲಿ ಅಂಟು ಕಾಗದದ ತುಣುಕೊಂದು ಉಳಿದಿತ್ತು. ಯಾರೋ ಉಗುರಿನಿಂದ ಕೆರೆದು ತೆಗೆದಿದ್ದರು. ಕೆರೆದ ಮೇಲೂ ಹಸಿರು ಅರ್ಧಚಂದ್ರದ ಅಂಚು ಮತ್ತು ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ ಮಿಕ್ಕಿದ್ದವು. ಭಟ್ಕಳದ ವಿದೇಶಿ ಸಾಮಾನಿನ ಅಂಗಡಿಗಳಲ್ಲಿ ಇಂಥ ಚೀಟಿ ಅಂಟಿಸುತ್ತಾರೆ. ಮಗಳು ಮಾಲತಿಯ ಮದುವೆಗೆ ಅಲ್ಲಿಂದ ತಂದ ಕಂಬಳಿಯ ಮೇಲೆ ಅವರು ಅದನ್ನು ನೋಡಿದ್ದರು.

ಹೊರಡುವ ಮೊದಲು ಶಾಂಭವಿ ವರಾಂಡದ ಬೆಂಚಿನ ಹತ್ತಿರ ನಿಂತರು.

ಒಳಗೆ ಬರಬೇಡವೆಂದು ಹೇಳಿದ್ದರೂ ಮಾದೇವಿ ದಿನವೂ ಎಂಟೂವರೆಗೆ ಬಂದು ಅಲ್ಲಿ ಕೂರುತ್ತಿದ್ದಳು. ಈಗಲೂ ಯಾರದೋ ಕೂಸು ಅವಳ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಮೂವತ್ತು ವರ್ಷದ ಹಿಂದೆ, ನಾಯಿಕೆಮ್ಮಿನಲ್ಲಿ ನೀಲಿಗಟ್ಟಿದ್ದ ಮಾಲತಿಯೂ ಹೀಗೆಯೇ ಅದೇ ತೊಡೆಯ ಮೇಲೆ ಉಸಿರು ತಿರುಗಿಸಿಕೊಂಡವಳು.

"ಮಾದೇವಿ, ತಗಡಪ್ಪಂಗೆ ಎಣ್ಣೆ ಹಾಕ್ತಿದ್ದದ್ದು ನೀನೇ ಅಲ್ವಾ?"

"ಮತ್ಯಾರು ಹಾಕೂದು ಅಮ್ಮ? ಈ ಸಮುದ್ರದ ಗಾಳಿಗೆ ಕತ್ತಿ ಕೊಡ್ಲಿನೇ ತುಕ್ಕು ತಿಂತದೆ. ಅಂವ ಬರೀ ತಗಡು. ವರ್ಷಾ ವರ್ಷಾ ಆಯುಧ ಪೂಜೆಗೆ ಮೈ ಒರ್ಸಿ, ಗಂಧ ಹಚ್ಚಿ, ಹೊಟ್ಟೆ ತುಂಬ ತೆಂಗಿನೆಣ್ಣೆ ಕುಡಿಸ್ತಿದ್ದೆ. ದೊಡ್ಡ ಡಾಕ್ಟ್ರು ನಗ್ತಿದ್ರು. ಬೇಡ ಹೇಳ್ತಿರ್ಲಿಲ್ಲ."

"ಈಗೆಲ್ಲಿದ್ದಾನೆ ಅಂವ?"

"ನಾ ಕದ್ದಿಲ್ಲ ಅಮ್ಮ."

"ಕದ್ದಿದ್ದೆ ಅಂತ ನಾ ಹೇಳ್ಳಿಲ್ಲ. ಎಲ್ಲಿದ್ದಾನೆ ಅಂತ ಕೇಳಿದೆ."

ಮಾದೇವಿ ಕೂಸಿನ ತಲೆ ಸವರುತ್ತ ಕೂತುಬಿಟ್ಟಳು.

ಶಾಂಭವಿ ಹೊನ್ನಾವರದ ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಸ್ಟೆನೋ ಆಗಿದ್ದವರು. ಅದಕ್ಕೂ ಮೊದಲು, ಮಧ್ಯಾಹ್ನದ ಊಟವಾದ ಮೇಲೆ ಅಪ್ಪ ಭಾರತ ವಾಚನ ಮಾಡುವಾಗ ಕಂಬಕ್ಕೆ ಒರಗಿ ಕೇಳಿದವರು. ದನಿ ಎಲ್ಲಿ ಏರುತ್ತದೆ, ಎಲ್ಲಿ ನಿಲ್ಲುತ್ತದೆ, ಯಾವುದನ್ನು ಮುಚ್ಚಿಡಲು ನಿಲ್ಲುತ್ತದೆ ಎಂಬುದು ಆ ಕಿವಿಗೆ ಗೊತ್ತು. "ಕದ್ದಿಲ್ಲ" ಎಂಬ ಮಾತು ನೇರವಾಗಿ ಬಂದಿತ್ತು. ಆಮೇಲಿನ ಮೌನದಲ್ಲಿ ಭಯವಿತ್ತು. ಆ ಭಯ ತನಗಾಗಿ ಅಲ್ಲ, ಬೇರೆ ಯಾರಿಗೋ.

*

ಚೀಟಿಯ ನಾಲ್ಕು ಅಂಕಿ ಹೊಂದಿದ ಭಟ್ಕಳದ ಅಂಗಡಿಯಲ್ಲಿ ಅತ್ತರಿನ ಶೀಷೆ, ಕಂಬಳಿ, ಹಾಲಿನ ಪುಡಿಯ ಡಬ್ಬಿಗಳ ನಡುವೆ ಝುಬೇರ್ ಕೂತಿದ್ದ. ನಲವತ್ತರ ಆಸುಪಾಸಿನ ಗಟ್ಟಿ ಆಳು. ಒಳಗೆ ಯಾರ ಜೊತೆಗೋ ತಮ್ಮವರ ನವಾಯತಿ ಮಾತಿನಲ್ಲಿ ಜಗಳವಾಡುತ್ತಿದ್ದವನು ಶಾಂಭವಿ ಚೀಲದಿಂದ ರೋಬೋಟ್ ತೆಗೆದದ್ದೇ ಎದ್ದು ನಿಂತ.

"ಅಮ್ಮ, ಇದು ತಗಡಪ್ಪಂದು ಡೂಪ್ಲಿಕೇಟು! ಅಸಲು ಎಲ್ಲಿದೆ?"

"ನಿಂಗೂ ಗೊತ್ತಾ ತಗಡಪ್ಪ?"

"ಗೊತ್ತಾ ಅಂತ ಕೇಳ್ತೀರಿ! ಅದು ನಮ್ಮ ಕಾಕಾ ಕೊಟ್ಟದ್ದು. ಹಡಗಲ್ಲಿ ಕೆಲ್ಸಕ್ಕಿದ್ರು, ಜಪಾನಿಂದ ತಂದದ್ದು. ಆಗ್ಲೇ ಅದು ಹಳೇದು. ನಮ್ಮ ಅಕ್ಕಂಗೆ ನ್ಯುಮೋನಿಯಾ ಆಗಿ ಎಲ್ರೂ ಕೈ ಬಿಟ್ಟಿದ್ರು. ಕುಮಟಾ ದೊಡ್ಡ ಡಾಕ್ಟ್ರು ಉಳಿಸಿ ಕೊಟ್ರು. ಕಾಕಾ ಅವಳ ಆಟದ ಸಾಮಾನನ್ನೇ ತಕೊಂಡು ಹೋಗಿ ಅಲ್ಲಿಟ್ಟು ಬಂದ್ರು. ಅಕ್ಕ ಒಂದು ವಾರ ಅತ್ತಳಂತೆ."

"ಕಾಕಾ ಎಂತ ಹೇಳಿದ್ರು?"

"ನಿನ್ನ ಉಸಿರು ಸಿಕ್ಕಿದ್ದು ಅಲ್ಲಿ, ನಿನ್ನ ಗೊಂಬೆನೂ ಅಲ್ಲೇ ಇರ್ಲಿ ಅಂದ್ರಂತೆ." ಝುಬೇರ್ ಒಂದು ಕ್ಷಣ ಬಾಗಿಲ ಕಡೆ ನೋಡಿದ. "ಅಕ್ಕಂಗೆ ಈಗ ಮೊಮ್ಮಕ್ಳು. ಶಾರ್ಜಾದಿಂದ ಫೋನ್ ಮಾಡಿದ್ರೆ ಮೊದ್ಲು ಕೇಳೂದು, ತಗಡಪ್ಪ ನಡೀತಾ ಇದಾನಾ ಅಂತ."

"ಈ ಡೂಪ್ಲಿಕೇಟು ಯಾರಿಗೆ ಕೊಟ್ಟೆ?"

ಅವನು ಮುಚ್ಚಿಡಲಿಲ್ಲ. "ಹೊನ್ನಾವರದ ವಾಚ್ ಭಾಸ್ಕರಣ್ಣಂಗೆ. ದೀಪಾವಳಿ ಆದ್ಮೇಲೆ ಬಂದು ಹೇಳಿಟ್ಟಿದ್ದ. ಫೋಟೋ ತಂದಿದ್ದ. ಹಿಂಗೇ ಇರ್ಬೇಕು, ಎದೆ ಬಾಗ್ಲು ತೆಗೀಬೇಕು, ಒಳಗೆ ಚಂದ್ರ ಕಾಣ್ಬೇಕು, ಇಲ್ಲಾಂದ್ರೆ ಮಕ್ಳು ಬಿಡೂದಿಲ್ಲ ಅಂದ. ದುಬೈಯಿಂದ ಬರೂಕೆ ಎರಡು ತಿಂಗ್ಳು ಹೋತು."

ಶಾಂಭವಿ ಬೆರಳಲ್ಲಿ ಲೆಕ್ಕ ಹಾಕಿದರು. ದೀಪಾವಳಿ ಎಂದರೆ ಕಳವಿಗೆ ಎರಡು ತಿಂಗಳ ಮೊದಲು. ಇದು ಆ ಹೊತ್ತಿನ ಆಸೆಗೆ ಬಿದ್ದು ಮಾಡಿದ್ದಲ್ಲ. ಕೂತು ಯೋಚಿಸಿ, ಜೋಡಿ ತರಿಸಿ, ಬದಲಾಯಿಸಿದ್ದು.

ಬಸ್ಸು ಮುರ್ಡೇಶ್ವರ ದಾಟುವಾಗ ಸುಹಾಸನ ಫೋನ್ ಬಂತು.

"ಎಂತ ಆತು ಅತ್ತೆ? ಮೂಗು ಎಲ್ಲಿವರೆಗೆ ಹೋತು?"

"ಹೊನ್ನಾವರಕ್ಕೆ ಹೊರಟಿದ್ದು."

"ಐದು ಅಂದ್ರೆ ಐದು. ಆಮೇಲೆ ಆನು ಕಾಯ್ತಿಲ್ಲೆ."

*

ಹೊನ್ನಾವರದಲ್ಲಿ ಭಾಸ್ಕರನ ವಾಚ್ ರಿಪೇರಿ ಅಂಗಡಿಯ ಮೆಟ್ಟಿಲಲ್ಲೇ ವಾಸನೆ ಎದುರಾಯಿತು. ಬೆಚ್ಚಗೆ ಮಾಡಿದ ತೆಂಗಿನೆಣ್ಣೆಯ, ಹಳೆಯ, ಮನೆಯೊಳಗಿನ ವಾಸನೆ.

ಭಾಸ್ಕರ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಮೇಜಿನ ಮೇಲೆ ಬಾಗಿದ್ದ. ಅವನ ಮುಂದೆ ಹಾಸಿದ ಪೇಪರಿನ ಮೇಲೆ ತಗಡಪ್ಪ ಮಲಗಿದ್ದ. ತಲೆ ಒಂದು ಕಡೆ, ಕಾಲು ಒಂದು ಕಡೆ, ಎದೆಯ ಬಾಗಿಲು ತೆರೆದು ಒಳಗಿನ ಹಲ್ಲಿನ ಚಕ್ರಗಳೆಲ್ಲ ಹೊರಗೆ.

"ಬನ್ನಿ ಅಮ್ಮ," ಅವನು ತಲೆ ಎತ್ತದೆ ಹೇಳಿದ. "ಭಟ್ಕಳದಿಂದ ಫೋನ್ ಬಂದಿತ್ತು. ಬಸ್ಸು ತಡ ಆತಾ?"

"ಶರಾವತಿ ಸೇತುವೆ ಮೇಲೆ ಲಾರಿ ಸಾಲು."

"ಅದು ದಿನಾ ಇದ್ದದ್ದೇ."

"ಕದ್ದ ಮಾಲು ಎದುರಿಗಿಟ್ಟುಕೊಂಡು ಇಷ್ಟು ಸಮಾಧಾನವಾ ಭಾಸ್ಕರ?"

"ಕದ್ದ ಮಾಲಾದ್ರೆ ಬಾಗ್ಲು ಹಾಕ್ಕಂತಿದ್ದೆ. ಇದು ಪೇಶಂಟು. ಕೂತ್ಕಳಿ, ಸ್ವಲ್ಪ ಮೆಲ್ಲ ಮಾತಾಡಿ."

ಶಾಂಭವಿ ಕೂತರು. ನಗಬಾರದ ಹೊತ್ತಿನಲ್ಲಿ ನಗು ಬಂದುಬಿಟ್ಟಿತು.

ಭಾಸ್ಕರ ಮಸೂರ ತೆಗೆದಿಟ್ಟ. ಹೇಳುವುದನ್ನು ಸುತ್ತುಬಳಸದೆ ಹೇಳಿದ. ಆಯುಧ ಪೂಜೆ ಮುಗಿದ ಮೇಲೆ ತಗಡಪ್ಪನ ನಡಿಗೆ ಕೆಟ್ಟಿತ್ತು. ಚಳಿ ಏರಿದಂತೆ ಇನ್ನೂ ನಿಧಾನವಾಯಿತು. ತಾನು ಹಾಕಿದ ಎಣ್ಣೆಯೇ ಹೆಪ್ಪುಗಟ್ಟಿ ಅವನನ್ನು ಕೊಲ್ಲುತ್ತಿದೆಯೆಂದು ಮಾದೇವಿಗೆ ಅರ್ಥವಾಯಿತು. ದೊಡ್ಡ ಡಾಕ್ಟರು ಕೊನೆಯ ದಿನ ಅವಳ ಕೈ ಹಿಡಿದು ಒಂದೇ ಮಾತು ಹೇಳಿದ್ದರಂತೆ: ಮಗು ನೋಡುತ್ತಿರುವಾಗ ಅವನು ನಿಲ್ಲಬಾರದು.

"ಆ ಮಾತಿಗೆ ಹೆದ್ರಿ ನನ್ನ ಹತ್ರ ಬಂದಳು. ಬಿಚ್ಚಿದ್ರೆ ವಾರ ಬೇಕು ಅಂದೆ. ವಾರ ಖಾಲಿ ಕಪಾಟು ನೋಡಿದ್ರೆ ಮಕ್ಳು ಏನಾಗ್ಬೇಕು ಅಂದಳು. ಅದ್ಕೇ ಜೋಡಿ ತರ್ಸಿದ್ದು. ಬಂದ ದಿನ ಬದ್ಲು ಮಾಡಿದ್ಲು. ದೊಡ್ಡವ್ರಿಗೆ ಯಾರಿಗೂ ಗೊತ್ತಾಗ್ಲಿಲ್ಲ. ಮಕ್ಳು ಹಿಡ್ದುಬಿಟ್ವು."

"ವಂದನಾಗೆ ಒಂದು ಮಾತು ಹೇಳೂದಲ್ವಾ?"

"ಎಣ್ಣೆ ಹಾಕಿ ಕೆಡಿಸಿದೆ ಅಂತ ಯಾವ ಬಾಯಲ್ಲಿ ಹೇಳೂದು ಅಮ್ಮ? ಮಾದೇವಿಗೆ ಅದು ಬರೀ ಗೊಂಬೆ ಅಲ್ಲ." ಅವನು ಎದ್ದು, ಎಡಗಾಲು ಎಳೆಯುತ್ತ ಹಿಂದಿನ ಹಲಗೆಯಿಂದ ಒಂದು ಸ್ಟೀಲಿನ ತಟ್ಟೆ ತಂದ. "ನಂಗೂ ಅಲ್ಲ. ಪೋಲಿಯೋ ಆದ್ಮೇಲೆ ನಾ ನಡ್ಯೂದೇ ಇಲ್ಲ ಅಂತ ಕೂತಿದ್ದೆ. ದೊಡ್ಡ ಡಾಕ್ಟ್ರು ತಗಡಪ್ಪಂಗೆ ಕೀಲಿ ಕೊಟ್ಟು ನೆಲಕ್ಕೆ ಬಿಟ್ರು. ಅಂವನೂ ಕಾಲು ಎಳೀತಾನೆ, ನೀನೂ ಎಳಿ, ಯಾರು ಗೆಲ್ತೀರಿ ನೋಡ್ವ ಅಂದ್ರು. ಮೂರನೇ ತಿಂಗ್ಳು ನಾ ಗೆದ್ದೆ. ಆವತ್ತಿಂದ ಹಲ್ಲಿನ ಚಕ್ರ ಕಂಡ್ರೆ ಕೈ ಮುಗೀಬೇಕು ಅನ್ನಿಸ್ತದೆ. ಅದ್ಕೇ ಈ ಕಸುಬು."

ತಟ್ಟೆಯನ್ನು ಶಾಂಭವಿಯವರ ಮುಂದಿಟ್ಟ. "ಎಣ್ಣೆ ಒಂದ್ರಿಂದ್ಲೇ ನಿಂತದ್ದಲ್ಲ. ಇವು ಒಳಗಿದ್ವು."

ಹುಣಸೆ ಬೀಜಗಳು. ಒಂದು ಹಾಲುಹಲ್ಲು. ಅರ್ಧ ಹರಿದ ಬಸ್ಸಿನ ಟಿಕೆಟ್. ಕಿತ್ತ ಗುಂಡಿ, ಬಳೆಯ ಚೂರು, ದೇವಸ್ಥಾನದ ದಾರ, ಗುಲಗಂಜಿ. ಮಡಚಿದ ಪೆಪ್ಪರ್‌ಮಿಂಟ್ ಕಾಗದಗಳು, ಅವುಗಳಲ್ಲಿ ಒಂದರ ಒಳಮೈಯಲ್ಲಿ ಪೆನ್ಸಿಲಿನ ಓರೆಕೋರೆ ಅಕ್ಷರ: ಜರ ಹೋತು. ಇದು ನಿಂಗೆ.

ಮಕ್ಕಳು ಎದೆಯ ಬಾಗಿಲು ತೆರೆದಾಗ ಒಳಗೆ ತುರುಕಿದ್ದು. ಅಳು ಬಂದರೆ ತಗಡಪ್ಪನಿಗೆ ಏನಾದರೂ ಕೊಡು, ನೋವು ಅವನು ತಗೊಳ್ಳುತ್ತಾನೆ ಎಂದು ಮಾದೇವಿ ಹೇಳಿಕೊಡುತ್ತಿದ್ದುದನ್ನು ಶಾಂಭವಿಯೂ ಕೇಳಿದ್ದರು. ಅದು ಸಮಾಧಾನದ ಮಾತೆಂದುಕೊಂಡಿದ್ದರು. ಮಕ್ಕಳು ನಿಜವೆಂದು ನಡೆದುಕೊಂಡಿದ್ದವು. ಮೂವತ್ತಮೂರು ವರ್ಷ, ದೊಡ್ಡವರ ಕಣ್ಣಿನೆದುರೇ, ಕಾಣಿಕೆ ಹಾಕಿದ್ದವು.

ಅವರು ಆ ಪುಟ್ಟ ಕಾಗದವನ್ನು ಕಣ್ಣಿಗೊತ್ತಿಕೊಂಡು ತಟ್ಟೆಗೆ ಹಿಂದಿಟ್ಟರು.

"ಏಳು ಭಾಸ್ಕರ. ಮೂರೂವರೆ ಆತು. ಹಿಂಗಿದ್ದ ಹಾಗೇ ತಗಡಪ್ಪನ್ನ ಬುಟ್ಟೀಲಿ ಹಾಕ್ಕ. ಸುಹಾಸನ ಎದುರು ಇಷ್ಟೇ ಹೇಳು. ಮಾದೇವಿ ಉಳ್ಕಂತಾಳೆ."

ಭಾಸ್ಕರ ಅಲ್ಲಾಡಲಿಲ್ಲ. ಹಿಂದಿನ ಕೋಣೆಯ ಪರದೆಯ ಕಡೆ ನೋಡಿದ.

ಪರದೆ ಸರಿಯಿತು. ಎರಡು ಲೋಟ ಚಹಾ ಹಿಡಿದು ಹೆಂಗಸೊಬ್ಬಳು ಹೊರಗೆ ಬಂದಳು. ಐವತ್ತರ ಹತ್ತಿರ, ಬಿಗಿಯಾಗಿ ಕಟ್ಟಿದ ಕೂದಲು. ಲೋಟ ಇಡುವ ಮೊದಲು ಮೇಜನ್ನು ಒರೆಸಿದ ರೀತಿ ನೋಡಿದ್ದೇ ಶಾಂಭವಿಗೆ ಗುರುತು ಹತ್ತಿತು. ಆಸ್ಪತ್ರೆಯಲ್ಲಿ ಕಲಿತ ಕೈ ಅದು.

"ಕಲ್ಪನಾ?"

"ಹೌದು ಅಮ್ಮ. ನಮ್ಮನೆಯೋರು ಇವ್ರೇ."

ಇಪ್ಪತ್ತೆರಡು ವರ್ಷದ ಹಿಂದೆ ಕಲ್ಪನಾ ಆ ಆಸ್ಪತ್ರೆಯ ನರ್ಸು. ದೊಡ್ಡ ಡಾಕ್ಟರು ಮಗುವಿನ ಹೊಟ್ಟೆ ಮುಟ್ಟಿ ನೋಡುವ ಮೊದಲು ಬೆರಳಿನ ಚಿನ್ನದ ಪವಿತ್ರವನ್ನು ತೆಗೆದು ತಟ್ಟೆಯಲ್ಲಿಡುತ್ತಿದ್ದರು. ಗಟ್ಟಿ ವಸ್ತು ಮಗುವಿಗೆ ತಾಗಬಾರದೆಂದು. ಒಂದು ದಿನ ಆ ಉಂಗುರ ತಟ್ಟೆಯಲ್ಲಿ ಇರಲಿಲ್ಲ. ಕೋಣೆಯಲ್ಲಿ ಇದ್ದವಳು ಕಲ್ಪನಾ ಒಬ್ಬಳೇ. ಡಾಕ್ಟರು ಪೊಲೀಸರನ್ನು ಕರೆಯಲಿಲ್ಲ. ನಾಳೆಯಿಂದ ಬರಬೇಡ ಎಂದರು, ಅಷ್ಟೇ. ಆದರೆ ಕುಮಟೆಗೆಲ್ಲ ಗೊತ್ತಾಯಿತು.

ಮಾದೇವಿಯ ಮೌನ ಈಗ ಅರ್ಥವಾಯಿತು. ತಗಡಪ್ಪ ಸಿಕ್ಕಿದ್ದ. ಆದರೆ ಸಿಗಬಾರದ ಮನೆಯಲ್ಲಿ ಸಿಕ್ಕಿದ್ದ. ಹಿಂದೆ ಕಳ್ಳಿ ಎನಿಸಿಕೊಂಡವಳ ಮನೆಗೆ ಮಾದೇವಿ ತನ್ನ ಕೈಯಾರೆ ಅವನನ್ನು ತಂದುಕೊಟ್ಟಿದ್ದಳು. ಹೊಟ್ಟೆಯೊಳಗಿನ ಹುಣಸೆ ಬೀಜದ ಕತೆ ಯಾರು ನಂಬುತ್ತಾರೆ?

"ಇವಳು ಹೊರಗೆ ಬರೂದೇ ಬೇಡ ಅಂದಿದ್ಲು," ಭಾಸ್ಕರ ಹೇಳಿದ. "ನಾನೇ ಕರ್ದೆ. ತೋರ್ಸೇ."

"ಬ್ಯಾಡ ಮಾರಾಯ್ರೆ."

"ಇಪ್ಪತ್ತೆರಡು ವರ್ಷ ಆತು ಕಲ್ಪನಾ. ಈ ಅಮ್ಮಂಗಾದ್ರೂ ತೋರ್ಸು."

ಕಲ್ಪನಾ ಸೆರಗಿನ ತುದಿಯ ಗಂಟು ಬಿಚ್ಚಿದಳು. ಅಂಗೈ ಮೇಲೆ ಚಿನ್ನ ಮಿನುಗಿತು. ದರ್ಭೆಯ ಗಂಟಿನಂತೆ ಹೆಣೆದ, ಒಂದು ಬದಿ ಸವೆದ ಪವಿತ್ರ.

ಶಾಂಭವಿ ಎದ್ದು ನಿಂತರು.

"ಸ್ಪ್ರಿಂಗಿನ ಅಡಿಲಿತ್ತು," ಭಾಸ್ಕರ ಅಂದ. "ಮೊನ್ನೆ ಸಿಕ್ತು. ಎಣ್ಣೆ ಜಿಡ್ಡಲ್ಲಿ ಹೂತು ಹೋಗಿತ್ತು. ಯಾವ್ದೋ ಮಗು ಹುಣಸೆ ಬೀಜ ಸಿಗ್ದೆ ಇದ್ದದ್ಕೆ ತಟ್ಟೇಲಿದ್ದದ್ದನ್ನೇ ಎತ್ತಿ ಹಾಕಿದ್ದು. ನಾನು ಅಳ್ತಾ ಕೂತೆ ಅಮ್ಮ. ಇವಳು ಅಳ್ಲೂ ಇಲ್ಲ."

"ದೇವ್ರು ಕಣ್ಣು ಬಿಟ್ಟ ಕಲ್ಪನಾ!" ಶಾಂಭವಿ ಅವಳ ಮೊಣಕೈ ಹಿಡಿದರು. "ಇನ್ನೇನು ಹೆದ್ರಿಕೆ? ಇದೊಂದನ್ನ ಮೇಜಿನ ಮೇಲಿಟ್ರೆ ನೀನೂ ಗೆದ್ದೆ, ಮಾದೇವಿನೂ ಗೆದ್ದಳು. ಹೊರಡು."

ಕಲ್ಪನಾ ಮುಷ್ಟಿ ಮುಚ್ಚಿದಳು.

"ನಾ ಬರೂದಿಲ್ಲ. ಇದನ್ನ ಕೊಡೂದೂ ಇಲ್ಲ."

"ಎಂತಕ್ಕೆ?"

"ಇದನ್ನ ಅಲ್ಲಿಟ್ರೆ ದೊಡ್ಡ ಡಾಕ್ಟ್ರು ತಪ್ಪು ಮಾಡಿದ್ರು ಅಂತ ಆಗ್ತದೆ." ಅವಳು ಗೋಡೆಯ ಕಡೆ ನೋಡುತ್ತ ಹೇಳಿದಳು. "ಕೆಲ್ಸ ಬಿಟ್ಟ ಮರುವರ್ಷ ನನ್ನ ಮಗಂಗೆ ಮಿದುಳು ಜ್ವರ ಬಂತು. ನಾ ಯಾವ ಮುಖ ಹೊತ್ತು ಅಲ್ಲಿಗೆ ಹೋಗ್ಲಿ? ಹೋಗ್ಲಿಲ್ಲ. ಯಾರೋ ಹೇಳಿದ್ರಂತೆ. ಕುಮಟಾದಿಂದ ಅವ್ರೇ ಬಂದ್ರು. ಮೂರು ದಿನ ಬಂದ್ರು. ನನ್ನ ಮುಖ ನೋಡಿ ಒಂದು ಮಾತೂ ಆಡ್ಲಿಲ್ಲ, ಮಗನ್ನ ಮಾತ್ರ ನೋಡಿದ್ರು. ನಾ ಕಳ್ಳಿ ಅಂತ್ಲೇ ನಂಬಿದ್ರು ಅಮ್ಮ. ಕಳ್ಳಿ ಮಗು ಅಂತ ಬಿಡ್ಲಿಲ್ಲ. ಮಗ ಈಗ ಮಂಗ್ಳೂರಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡ್ತಾನೆ, ಎತ್ತು ಇದ್ದ ಹಾಂಗಿದ್ದಾನೆ."

ಅವಳು ಮುಷ್ಟಿಯನ್ನು ಸೆರಗಿನಡಿಗೆ ಸರಿಸಿಕೊಂಡಳು.

"ಮೂರು ತಾಲೂಕಿನ ಜನ ಅವ್ರ ಫೋಟೋಕ್ಕೆ ಹೂ ಹಾಕ್ತಾರೆ. ಪಾಪದ ಹೆಣ್ಣಿನ ಹೆಸ್ರು ಕೆಡಿಸಿದ್ರು ಅಂತ ನಾಳೆಯಿಂದ ಅದೇ ಜನ ಹೇಳ್ಬೇಕಾ? ಸತ್ತವ್ರು ಬಂದು ಎಂತ ಉತ್ರ ಕೊಡ್ತಾರೆ? ನನ್ನ ಹೆಸ್ರು ಹೋಗಿ ಆತು. ಅದ್ರ ಜೊತೆ ಬದುಕೂದು ಕಲ್ತು ಆತು. ಅವ್ರದ್ದು ಉಳೀಲಿ."

"ಮಾದೇವಿದು?"

ಕಲ್ಪನಾ ಮೇಜಿನ ಮೇಲಿದ್ದ ತಗಡಪ್ಪನ ಕಡೆ ಕೈ ತೋರಿದಳು. ಅವಳು ಅದನ್ನೂ ಯೋಚಿಸಿದ್ದಳು.

"ತಗಡಪ್ಪನ್ನ ತಕೊಂಡು ಹೋಗಿ. ಕಲ್ಪನಾ ಕದ್ಲು, ಅವಳ ಮನೇಲಿ ಸಿಕ್ತು ಅಂತ ಹೇಳಿ. ಮಾದೇವಿ ಬೀಗದ ಕೈ ಮರ್ತು ಇಟ್ಟಿದ್ಲು, ಆಗ ನಾ ತಕೊಂಡೆ ಅಂತ ಹೇಳಿ. ಎಲ್ರೂ ನಂಬ್ತಾರೆ. ನಂಗೆ ಆ ಹೆಸ್ರು ಹೊಸ್ತಲ್ಲ."

"ತಲೆ ಸಮ ಇದ್ಯಾ ನಿಂಗೆ?" ಭಾಸ್ಕರ ಮೇಜು ಗುದ್ದಿದ. ಚಕ್ರವೊಂದು ಉರುಳಿ ನೆಲಕ್ಕೆ ಬಿತ್ತು.

"ಉಂಗುರ ಇಲ್ದೆ ನಿಜ ಹೇಳಿದ್ರೂ ಅಲ್ಲಿ ಯಾರೂ ನಂಬೂದಿಲ್ಲ ಕಲ್ಪನಾ," ಶಾಂಭವಿ ನಿಧಾನವಾಗಿ ಹೇಳಿದರು. "ಕಳ್ಳಿ ಮನೇಲಿ ಸಿಕ್ತು, ತಂದುಕೊಟ್ಟವಳು ಮಾದೇವಿ. ಇಷ್ಟೇ ಕೇಳ್ತದೆ ಅವ್ರಿಗೆ. ನಿನ್ನ ಕಾಲಿಗೆ ಬೀಳ್ಬೇಕಾ ನಾನು? ಕೊಡು."

"ಬಲವಂತ ಮಾಡಿದ್ರೆ ಹೊಳೆಗೆ ಹಾಕ್ತೆ. ಇಲ್ಲಿಂದ ನಾಕು ಹೆಜ್ಜೆ."

ಶಾಂಭವಿಯವರ ಚೀಲದಲ್ಲಿ ಫೋನ್ ಹೊಡೆದುಕೊಂಡಿತು. ಅವರು ಅದನ್ನು ಕಿವಿಗೆ ಹಿಡಿದರು. ಸುಹಾಸನ ದನಿ ಅಂಗಡಿಗೆಲ್ಲ ಕೇಳುವಷ್ಟು ಜೋರಾಗಿತ್ತು.

"ಅತ್ತೆ, ಎಸ್.ಐ. ಸಾಹೇಬ್ರು ಒಂದು ತಾಸು ಮೊದ್ಲೇ ಬೈಂದ್ರು. ಪೆನ್ನು ತೆಗೆದು ಕೂತಿದ್ರು. ಮಾದೇವಿ ಇಲ್ಲೇ ನಿಂತಿದ್ದು. ನಿಂಗೊಗೆ ಬೇರೆ ಹೆಸ್ರು ಸಿಕ್ಕಿದ್ರೆ ಈಗ್ಲೇ ಹೇಳಿ. ಇಲ್ದಿದ್ರೆ ಇವಳದ್ದೇ ಬರೆಸ್ತೆ."

"ಒಂದು ನಿಮಿಷ ತಮಾ. ನಿಲ್ಲು."

ಅವರು ಫೋನಿನ ಬಾಯಿಯನ್ನು ಅಂಗೈಯಿಂದ ಒತ್ತಿ ಮುಚ್ಚಿದರು. ಅಂಗೈಯ ಅಡಿಯಲ್ಲಿ ಸುಹಾಸನ ಮಾತು ಗೊಣಗುತ್ತಲೇ ಇತ್ತು. ಅದರ ಹಿಂದೆ ಆಸ್ಪತ್ರೆಯ ವರಾಂಡ, ಯಾವುದೋ ಕೂಸಿನ ಅಳು, ಅದನ್ನು ಸಮಾಧಾನ ಮಾಡುವ ಮಾದೇವಿಯ ದನಿ.

ಕಲ್ಪನಾ ನೆಲಕ್ಕೆ ಕುಸಿದು, ಉಂಗುರದ ಮುಷ್ಟಿಯನ್ನು ಎದೆಗೊತ್ತಿಕೊಂಡು, ಇನ್ನೊಂದು ಕೈಯಿಂದ ಶಾಂಭವಿಯವರ ಪಾದ ಹಿಡಿದಳು.

"ನನ್ನ ಹೆಸ್ರು ಹೇಳಿಬಿಡಿ ಅಮ್ಮ. ಒಂದೇ ಮಾತು. ದೊಡ್ಡ ಡಾಕ್ಟ್ರ ಋಣ ತೀರ್ಸೂಕೆ ನಂಗೆ ಬೇರೆ ಎಂತದೂ ಇಲ್ಲ. ಮಾದೇವಕ್ಕನೂ ಉಳೀತಾಳೆ. ಹೇಳಿ ಅಮ್ಮ, ನಿಮ್ಮ ದಮ್ಮಯ್ಯ."

ಶಾಂಭವಿ ಬಗ್ಗಿ ಆ ಕೈಯನ್ನು ಬಿಡಿಸಿದರು. ಬಿಡಿಸಿದ ಮೇಲೂ ಅದನ್ನು ತಮ್ಮ ಕೈಯಲ್ಲೇ ಹಿಡಿದುಕೊಂಡರು.

"ಇಲ್ಲ ಕಲ್ಪನಾ," ಎಂದರು. "ಕಳ್ಳಿ ಅಂತ ನಿನ್ನ ಹೆಸ್ರೂ ನಾ ಹೇಳೂದಿಲ್ಲ, ಮಾದೇವಿದೂ ಬರ್ಯೂಕೆ ಬಿಡೂದಿಲ್ಲ."